ಕಡಿಮೆ ಜನನ ತೂಕದ ಅಪಾಯಕಾರಿ ಅಂಶಗಳು

ಕಡಿಮೆ ಜನನ ತೂಕ ಎಂದರೆ ಶಿಶುವು ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ತೂಗುವ ಸ್ಥಿತಿ. ಗರ್ಭಾವಧಿ ಪೂರ್ಣಗೊಂಡಿರಲಿ, ಇಲ್ಲದಿರಲಿ, ವಿಶ್ವ ಆರೋಗ್ಯ ಸಂಸ್ಥೆಯ ಈ ಮಿತಿಯು ಎಲ್ಲ ಜನನಗಳಿಗೂ ಅನ್ವಯಿಸುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತೂಕ ದಾಖಲಾದ ಶಿಶುಗಳ ಪೈಕಿ ಸುಮಾರು ಶೇ. 18ರಷ್ಟು ಈ ಮಿತಿಗಿಂತ ಕೆಳಗಿದ್ದವು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಅಂದಾಜಿನಂತೆ 2020ರಲ್ಲಿ ಜಾಗತಿಕ ಪ್ರಮಾಣವು ಶೇ. 14.7 ಆಗಿತ್ತು. ಶಿಶುವಿನ ತೂಕವನ್ನು ಗರ್ಭಾವಧಿಯ ಒಂಬತ್ತು ತಿಂಗಳು ಮಾತ್ರ ನಿರ್ಧರಿಸುವುದಿಲ್ಲ. ತಾಯಿಯ ಬಾಲ್ಯದ ಪೋಷಣೆ, ಮದುವೆಯ ವಯಸ್ಸು, ದುಡಿಮೆ ಮತ್ತು ಕುಡಿಯುವ ನೀರು ಕೂಡ ಅದರ ಮೇಲೆ ಪ್ರಭಾವ ಬೀರುತ್ತವೆ. ಈ ಅಂಶಗಳು ಒಂದರೊಡನೊಂದು ಹೆಣೆದುಕೊಳ್ಳುವ ಬಗೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳಂತಹ ಬಯಲುಸೀಮೆಯ ಪ್ರದೇಶಗಳಲ್ಲಿ ಕಾಣಬಹುದು.

ವರ್ಗೀಕರಣ

1,500 ಗ್ರಾಂಗಿಂತ ಕಡಿಮೆ ಇರುವುದನ್ನು ಅತಿ ಕಡಿಮೆ ಜನನ ತೂಕವೆಂದೂ 1,000 ಗ್ರಾಂಗಿಂತ ಕಡಿಮೆ ಇರುವುದನ್ನು ಅತ್ಯಂತ ಕಡಿಮೆ ಜನನ ತೂಕವೆಂದೂ ಕರೆಯಲಾಗುತ್ತದೆ. ತೂಕ ಕಡಿಮೆಯಾಗಲು ಮೂಲತಃ ಎರಡು ದಾರಿಗಳಿವೆ. ಮೊದಲನೆಯದು ಅವಧಿಪೂರ್ವ ಜನನ, ಅಂದರೆ 37 ವಾರಗಳು ತುಂಬುವ ಮೊದಲೇ ಆಗುವ ಹೆರಿಗೆ. ಎರಡನೆಯದು ಗರ್ಭದೊಳಗೆ ಬೆಳವಣಿಗೆ ಕುಂಠಿತವಾಗುವುದು. ಇಲ್ಲಿ ದಿನಗಳು ತುಂಬಿದ್ದರೂ ಶಿಶುವಿನ ಗಾತ್ರ ಸಣ್ಣದಾಗಿರುತ್ತದೆ. ಕೆಲವು ಶಿಶುಗಳಲ್ಲಿ ಎರಡೂ ಕಾರಣಗಳು ಕೂಡಿರುತ್ತವೆ. ದಕ್ಷಿಣ ಏಷ್ಯಾದಲ್ಲಿ ಎರಡನೆಯ ಬಗೆಯ ಪಾಲು ಗಣನೀಯವಾಗಿದೆ.

ಶಿಶುವನ್ನು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿಯೇ ತೂಗಬೇಕಾಗುತ್ತದೆ, ಏಕೆಂದರೆ ಆರಂಭದ ದಿನಗಳಲ್ಲಿ ಎಲ್ಲ ಶಿಶುಗಳೂ ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ. ತೂಕವನ್ನು ಸರಿಯಂಕಿಗೆ ಹೊಂದಿಸಿ ಬರೆಯುವ ರೂಢಿಯಿಂದ ಅನೇಕ ದಾಖಲೆಗಳಲ್ಲಿ 2,500 ಗ್ರಾಂ ಎಂಬ ಸಂಖ್ಯೆ ಅಸಹಜವಾಗಿ ಹೆಚ್ಚು ಬಾರಿ ಕಾಣಿಸಿಕೊಳ್ಳುತ್ತದೆ. ಹೀಗೆ ದಾಖಲಾದ 2,450 ಗ್ರಾಂನ ಶಿಶುವು ಅಪಾಯದ ಪಟ್ಟಿಯಿಂದ ಹೊರಗುಳಿಯುತ್ತದೆ.

ಪ್ರಾದೇಶಿಕ ಹಿನ್ನೆಲೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದ್ದು, ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿವೆ. ಮಳೆಯಾಶ್ರಿತ ಶೇಂಗಾ ಇಲ್ಲಿನ ಮುಖ್ಯ ಬೆಳೆ. ಚಳ್ಳಕೆರೆ ಪಟ್ಟಣವು ಎಣ್ಣೆ ಗಿರಣಿಗಳಿಗೆ ಹೆಸರಾಗಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಕೈಮಗ್ಗಕ್ಕೆ ಪ್ರಸಿದ್ಧ. ನಾಯಕ ಸಮುದಾಯದ ಜನಸಂಖ್ಯೆ ಗಣನೀಯವಾಗಿರುವ ಈ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಕಾಡುಗೊಲ್ಲರ ಹಟ್ಟಿಗಳೂ ಇಲ್ಲಿ ಅನೇಕ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿ, ಆಹಾರ ಮತ್ತು ನೀರು ಮೂರೂ ಒಟ್ಟಿಗೆ ಕುಗ್ಗುವುದರಿಂದ ಗರ್ಭಿಣಿಯರ ಪೋಷಣೆಯ ಮೇಲೆ ನೇರ ಒತ್ತಡ ಬೀಳುತ್ತದೆ.

ಅಪಾಯಕಾರಿ ಅಂಶಗಳು

ತಾಯಿಯ ಪೋಷಣೆ ಮತ್ತು ದೇಹಗಾತ್ರ: ಗರ್ಭಧಾರಣೆಗೆ ಮೊದಲೇ ಕೃಶವಾಗಿರುವ, ಅಂದರೆ ದೇಹತೂಕ ಸೂಚ್ಯಂಕ 18.5ಕ್ಕಿಂತ ಕಡಿಮೆ ಇರುವ ಮಹಿಳೆಯರಲ್ಲಿ ಅಪಾಯ ಹೆಚ್ಚು. 145 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರವು ಸಾಮಾನ್ಯವಾಗಿ ಬಾಲ್ಯದ ದೀರ್ಘಕಾಲದ ಅಪೌಷ್ಟಿಕತೆಯ ಗುರುತಾಗಿರುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದ ಹೆಣ್ಣುಮಗು ಗಿಡ್ಡ ದೇಹದ ತಾಯಿಯಾಗಿ, ಮತ್ತೆ ಕಡಿಮೆ ತೂಕದ ಮಗುವನ್ನು ಹೆರುವ ಸಂಭವ ಹೆಚ್ಚಿರುವುದರಿಂದ ಈ ಸಮಸ್ಯೆಯು ತಲೆಮಾರುಗಳನ್ನು ದಾಟುತ್ತದೆ. ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಯಿಂದ ಕೊನೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡುವ ಪದ್ಧತಿಯೂ ದಕ್ಷಿಣ ಭಾರತದ ಹಲವೆಡೆ ದಾಖಲಾಗಿದೆ. ಶಿಶುವಿನ ತೂಕ ಅತ್ಯಂತ ವೇಗವಾಗಿ ಏರುವುದು ಆ ತಿಂಗಳುಗಳಲ್ಲಿಯೇ.

ರಕ್ತಹೀನತೆ: ಗರ್ಭಿಣಿಯ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ; 7 ಗ್ರಾಂಗಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 52ರಷ್ಟು ಮಂದಿ ರಕ್ತಹೀನರಾಗಿದ್ದರು. ಕಬ್ಬಿಣಾಂಶದ ಕೊರತೆ ಇದರ ಪ್ರಮುಖ ಕಾರಣ. ಜಂತುಹುಳು, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವದ ಕೊರತೆ ಹಾಗೂ ಮೇಲಿಂದ ಮೇಲೆ ಆಗುವ ಹೆರಿಗೆಗಳು ಅದನ್ನು ಹೆಚ್ಚಿಸುತ್ತವೆ. ಊಟದೊಂದಿಗೆ ಅಥವಾ ಊಟವಾದೊಡನೆ ಚಹಾ ಕುಡಿಯುವುದರಿಂದ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ.

ವಯಸ್ಸು ಮತ್ತು ಹೆರಿಗೆಗಳ ಅಂತರ: ಹದಿಹರೆಯದ ತಾಯಿಯ ದೇಹವು ಇನ್ನೂ ಬೆಳೆಯುತ್ತಿರುವುದರಿಂದ ಪೋಷಕಾಂಶಗಳಿಗಾಗಿ ತಾಯಿ ಮತ್ತು ಭ್ರೂಣದ ನಡುವೆ ಪೈಪೋಟಿ ಉಂಟಾಗುತ್ತದೆ. ಆದ್ದರಿಂದ ಬಾಲ್ಯವಿವಾಹವು ಈ ಸಮಸ್ಯೆಯ ಮುಖ್ಯ ಸಾಮಾಜಿಕ ಮೂಲಗಳಲ್ಲಿ ಒಂದು. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸಿದೆ. ಒಂದು ಜೀವಂತ ಜನನದ ನಂತರ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. 35 ವರ್ಷ ದಾಟಿದ ನಂತರದ ಗರ್ಭಧಾರಣೆ, ಅವಳಿ ಶಿಶುಗಳು ಮತ್ತು ಹಿಂದೆ ಕಡಿಮೆ ತೂಕದ ಮಗು ಹುಟ್ಟಿರುವುದು ಕೂಡ ಅಪಾಯದ ಸೂಚನೆಗಳೇ.

ಕಾಯಿಲೆಗಳು: ಗರ್ಭಾವಧಿಯ ಅಧಿಕ ರಕ್ತದೊತ್ತಡ ಮತ್ತು ಪ್ರಿಎಕ್ಲಾಂಪ್ಸಿಯಾ ಸ್ಥಿತಿಗಳಲ್ಲಿ ಜರಾಯುವಿಗೆ ರಕ್ತದ ಹರಿವು ತಗ್ಗಿ ಭ್ರೂಣದ ಬೆಳವಣಿಗೆ ನಿಧಾನವಾಗುತ್ತದೆ. ಮೂತ್ರನಾಳದ ಸೋಂಕು, ಮಲೇರಿಯಾ ಮತ್ತು ಸಿಫಿಲಿಸ್‌ನಂತಹ ಸೋಂಕುಗಳು ಅವಧಿಪೂರ್ವ ಹೆರಿಗೆಗೆ ಅಥವಾ ಕುಂಠಿತ ಬೆಳವಣಿಗೆಗೆ ಕಾರಣವಾಗಬಲ್ಲವು. ಇವುಗಳಲ್ಲಿ ಹೆಚ್ಚಿನವು ನಿಯಮಿತ ತಪಾಸಣೆಯಿಂದ ಪತ್ತೆಯಾಗುತ್ತವೆ.

ತಂಬಾಕು, ಹೊಗೆ ಮತ್ತು ದುಡಿಮೆ: ಬೀಡಿ ಸಿಗರೇಟುಗಳಷ್ಟೇ ಅಲ್ಲದೆ, ಎಲೆ ಅಡಿಕೆಯೊಂದಿಗೆ ಜಗಿಯುವ ಹೊಗೆಸೊಪ್ಪು ಕೂಡ ಶಿಶುವಿನ ತೂಕವನ್ನು ಕಡಿಮೆ ಮಾಡುತ್ತದೆ. ಗ್ರಾಮೀಣ ಮಹಿಳೆಯರ ವಿಷಯದಲ್ಲಿ ಇದು ಹೆಚ್ಚು ಪ್ರಸ್ತುತ. ಸೌದೆ ಒಲೆಯ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ರಕ್ತದ ಆಮ್ಲಜನಕ ಸಾಗಿಸುವ ಸಾಮರ್ಥ್ಯವನ್ನು ತಗ್ಗಿಸುತ್ತದೆ. ಭಾರ ಹೊರುವುದು, ದೂರದಿಂದ ನೀರು ತರುವುದು ಮತ್ತು ಬಿಸಿಲಿನಲ್ಲಿ ದೀರ್ಘಕಾಲ ಕೂಲಿ ಮಾಡುವುದು ಮೊದಲೇ ಕಡಿಮೆಯಾಗಿರುವ ಆಹಾರದ ಶಕ್ತಿಯನ್ನು ಇನ್ನಷ್ಟು ವ್ಯಯಿಸುತ್ತವೆ.

ಫ್ಲೋರೈಡ್‌ಯುಕ್ತ ನೀರು: ಈ ಎರಡೂ ತಾಲೂಕುಗಳ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಅಂತರ್ಜಲ ಅಧ್ಯಯನಗಳಲ್ಲಿ ಕಂಡುಬಂದಿದೆ. ಫ್ಲೋರೈಡ್‌ನ ಪರಿಣಾಮವಾಗಿ ಹಲ್ಲು ಮತ್ತು ಮೂಳೆಗಳಿಗೆ ಹಾನಿಯಾಗುವುದು ಪರಿಚಿತ ಸಂಗತಿ. ಅದು ಕರುಳಿನ ಒಳಪದರಕ್ಕೂ ಹಾನಿ ಮಾಡಿ ಪೋಷಕಾಂಶಗಳ ಹೀರಿಕೆಯನ್ನು ಕುಗ್ಗಿಸುತ್ತದೆ ಎಂಬ ವಾದವಿದೆ. ಎ. ಕೆ. ಸುಶೀಲಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ದೆಹಲಿಯ ಅಧ್ಯಯನದಲ್ಲಿ, ಫ್ಲೋರೈಡ್ ಸೇವನೆಯನ್ನು ತಗ್ಗಿಸಿ ಪೌಷ್ಟಿಕ ಆಹಾರ ಸೇವಿಸಿದ ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಮತ್ತು ಶಿಶುವಿನ ತೂಕ ಎರಡೂ ಸುಧಾರಿಸಿದವು. ಆದರೆ ಆಹಾರದ ಬದಲಾವಣೆಯೂ ಜೊತೆಗಿದ್ದುದರಿಂದ ಈ ಸುಧಾರಣೆಯನ್ನು ಫ್ಲೋರೈಡ್ ಒಂದಕ್ಕೇ ಆರೋಪಿಸಲಾಗದು.

ಪರಿಣಾಮಗಳು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶು ಮರಣಗಳಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಕಡಿಮೆ ತೂಕದ ಶಿಶುಗಳದು. ಇಂತಹ ಶಿಶುಗಳ ಚರ್ಮದಡಿಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಮೈ ಬೇಗ ತಣ್ಣಗಾಗುತ್ತದೆ. ಹಾಲು ಚೀಪುವ ಶಕ್ತಿ ಕಡಿಮೆ. ಸೋಂಕು ಸುಲಭವಾಗಿ ತಗಲುತ್ತದೆ.

ಇದರ ಪರಿಣಾಮವು ಬದುಕಿನ ಉತ್ತರಾರ್ಧದವರೆಗೂ ಚಾಚುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಹೆರಿಗೆ ದಾಖಲೆಗಳನ್ನು ಕಾಪಾಡಿಕೊಂಡು ಬಂದಿತ್ತು. ಅಲ್ಲಿ 1934 ಮತ್ತು 1954ರ ನಡುವೆ ಹುಟ್ಟಿದವರನ್ನು ದಶಕಗಳ ನಂತರ ಪರೀಕ್ಷಿಸಿದ ಅಧ್ಯಯನವು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಪರಿಧಮನಿ ಹೃದ್ರೋಗ ಶೇ. 11ರಷ್ಟಿದ್ದರೆ, ಸುಮಾರು 3.1 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಅದು ಶೇ. 3 ಮಾತ್ರವಿತ್ತು.

ತಡೆ

ಗರ್ಭಿಣಿಯ ತೂಕ, ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ವಿವರಗಳನ್ನು ತಾಯಿ ಕಾರ್ಡಿನಲ್ಲಿ ದಾಖಲಿಸಲಾಗುತ್ತದೆ. 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹಾಗೂ ಜಂತುಹುಳು ನಿವಾರಕವನ್ನು ನೀಡಲಾಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಕರ್ನಾಟಕ ಸರ್ಕಾರವು 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ದಿನಕ್ಕೊಂದು ಪೂರ್ಣ ಬಿಸಿಯೂಟ ಒದಗಿಸುತ್ತದೆ. ಹಾಲು, ಮೊಟ್ಟೆ ಮತ್ತು ಶೇಂಗಾ ಚಿಕ್ಕಿ ಇದರ ಭಾಗ. ಸ್ಥಳೀಯವಾಗಿ ದೊರೆಯುವ ಶೇಂಗಾದಲ್ಲಿ ಪ್ರೋಟೀನ್ ಮತ್ತು ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿವೆ.

ಕಡಿಮೆ ತೂಕದ ಶಿಶುವಿನ ಆರೈಕೆ

ಶಿಶುವನ್ನು ಬೆಚ್ಚಗಿಡುವುದು, ಗಿಣ್ಣುಹಾಲು ಸೇರಿದಂತೆ ತಾಯಿಯ ಹಾಲನ್ನಷ್ಟೇ ಉಣಿಸುವುದು ಮತ್ತು ಸೋಂಕಿನಿಂದ ಕಾಪಾಡುವುದು ಆರೈಕೆಯ ಮೂರು ಆಧಾರಗಳು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಕಾಂಗರೂ ಆರೈಕೆಯಲ್ಲಿ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳಲಾಗುತ್ತದೆ. ತಾಯಿಗೆ ಸಾಧ್ಯವಾಗದಿದ್ದಾಗ ತಂದೆ ಅಥವಾ ಅಜ್ಜಿಯೂ ಇದನ್ನು ಮಾಡಬಹುದು. ಅವಧಿಪೂರ್ವ ಮತ್ತು ಕಡಿಮೆ ತೂಕದ ಶಿಶುಗಳಿಗೆ ಜನನವಾದೊಡನೆ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿತು.

ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಸೂತಕದ ಕಾರಣಕ್ಕೆ ಬಾಣಂತಿ ಮತ್ತು ಶಿಶುವನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯಿದೆ. ಇದು ಕಡಿಮೆ ತೂಕಕ್ಕೆ ಕಾರಣವಲ್ಲದಿದ್ದರೂ, ಗಾಳಿ, ಮಳೆ ಮತ್ತು ಚಳಿಗೆ ಒಡ್ಡಿಕೊಂಡ ದುರ್ಬಲ ಶಿಶುವಿಗೆ ಪ್ರಾಣಾಪಾಯ ತರಬಲ್ಲದು. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗಿರಿಸಿದ್ದ ಹಸುಗೂಸು ಮೃತಪಟ್ಟದ್ದು ವ್ಯಾಪಕವಾಗಿ ವರದಿಯಾಯಿತು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯು ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯರನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ನಿಷೇಧಿಸುತ್ತದೆ.

ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡಿ ತೂಕ ಮತ್ತು ಮೈಯ ಉಷ್ಣತೆಯನ್ನು ನೋಡುತ್ತಾರೆ. ಮನೆಯಲ್ಲಿ ಹೆರಿಗೆಯಾಗಿದ್ದರೆ ಮೊದಲ ದಿನವೂ ಭೇಟಿ ಇರುತ್ತದೆ. ಶಿಶು ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಜ್ವರ ಬರುವುದು, ಉಸಿರಾಟ ವೇಗವಾಗುವುದು, ಮಂಕಾಗಿರುವುದು ಮತ್ತು ಫಿಟ್ಸ್ ಬರುವುದು ಅಪಾಯದ ಚಿಹ್ನೆಗಳು. ಇವು ಕಂಡಲ್ಲಿ ಶಿಶುವನ್ನು ತಡಮಾಡದೆ ನವಜಾತ ಶಿಶು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಚಳ್ಳಕೆರೆಗೆ ಜಿಲ್ಲಾ ಕೇಂದ್ರವಾದ ಚಿತ್ರದುರ್ಗ ಸಮೀಪವಾದರೆ, ಮೊಳಕಾಲ್ಮೂರಿಗೆ ಬಳ್ಳಾರಿ ಹತ್ತಿರ. ದಾರಿಯುದ್ದಕ್ಕೂ ಶಿಶುವನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವುದು ಆ ಪ್ರಯಾಣದಷ್ಟೇ ಮುಖ್ಯ.