ಆಯಿ ಅಂದರೆ ಯಾರು?

ಮೈಕಿನ ಮುಂದೆ ಕೂತು ನಿಮ್ಮೊಂದಿಗೆ ಹರಟುವವಳು ಈ ಸಲ ಕಾಗದದ ಮೇಲೆ ಬಂದಿದ್ದೇನೆ. ಮೊದಲು ಒಂದು ಪುಟ್ಟ ಪ್ರಸಂಗ ಹೇಳಿಬಿಡುತ್ತೇನೆ.

ನಾಸಿಕ್ ಪಕ್ಕದ ಓಝರ್‌ನಲ್ಲಿ ನನ್ನ ಅಕ್ಕನ ಸಂಸಾರ. ಭಾವನವರಿಗೆ ಅಲ್ಲಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿ ಇರುವುದರಿಂದ ಹೀಗೆ ವರ್ಗವಾಗಿ ಬಂದ ಕನ್ನಡದ ಮನೆಗಳು ಅಲ್ಲಿ ಹೊಸದೇನಲ್ಲ. ಅಕ್ಕನ ಮಗಳಿಗೆ ನಾಲ್ಕು ವರ್ಷ. ಬಾಲವಾಡಿಗೆ ಸೇರಿದ ಮೊದಲ ವಾರ ಅಲ್ಲಿನ ಬಾಯಿ ಅವಳನ್ನು, "ತುಝೀ ಆಯಿ ಕುಠೇ ಆಹೇ?" ಎಂದು ಕೇಳಿದರಂತೆ. ನಮ್ಮ ಪುಟ್ಟಿ ಠೀವಿಯಿಂದ, "ಧಾರವಾಡಲಾ!" ಎಂದಳಂತೆ. ಯಾವಾಗ ಬರುತ್ತಾಳೆ ಎಂದರೆ ದೀಪಾವಳಿಗೆ! ಸಂಜೆ ಮಗಳನ್ನು ಕರೆದೊಯ್ಯಲು ಹೋದ ಅಕ್ಕನನ್ನು ಆ ಬಾಯಿ ತುಸು ಅನುಮಾನದಿಂದಲೇ ವಿಚಾರಿಸಿದರಂತೆ, "ತಾವು ಮಗುವಿಗೆ ಏನಾಗಬೇಕು?"

ತಪ್ಪು ಯಾರದೂ ಅಲ್ಲ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಮ್ಮ ಧಾರವಾಡದ ಕಡೆ ಆಯಿ ಅಂದರೆ ಅಜ್ಜಿ. ಮಗು ತನಗೆ ಗೊತ್ತಿದ್ದ ಆಯಿಯ ವಿಳಾಸವನ್ನು ಸರಿಯಾಗಿಯೇ ಕೊಟ್ಟಿತ್ತು!

ನೀವು ಮಹಾರಾಷ್ಟ್ರದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಾದರೆ ಇಂಥ ಗೊಂದಲ ನಿಮ್ಮ ಮನೆಯಲ್ಲೂ ಆಗಿರುತ್ತದೆ. ಎರಡು ಭಾಷೆಗಳೂ ನೆಂಟರ ಹೆಸರುಗಳನ್ನು ಎಷ್ಟೋ ಕಾಲದಿಂದ ಕೈಗಡ ಕೊಟ್ಟು ತೆಗೆದುಕೊಂಡಿವೆ. ಕನ್ನಡದ ಅಜ್ಜ, ಮರಾಠಿಯ ಆಜೋಬಾ ಎರಡರ ಹಿಂದೆಯೂ ಸಂಸ್ಕೃತದ 'ಆರ್ಯ' ಪದವೇ ಪ್ರಾಕೃತದ ಬಾಯಲ್ಲಿ 'ಅಜ್ಜ' ಆಗಿ ಕೂತಿದೆ. ಮರಾಠಿ ಮನೆಗಳ ಅಕ್ಕಾ, ಅಣ್ಣಾ ದಕ್ಷಿಣದಿಂದ ಹೋದವು. ಅವರ ಊಟದ ತೂಪ ನಮ್ಮ ತುಪ್ಪವೇ. ಅತ್ತಲಿಂದ ಕಾಕಾ, ಕಾಕು, ಮಾವಶಿ, ವೈನಿ ಉತ್ತರ ಕರ್ನಾಟಕಕ್ಕೆ ಬಂದು ನಮ್ಮವೇ ಆಗಿಬಿಟ್ಟಿವೆ.

ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮರಾಠಿಯಲ್ಲಿ ಇವರು ಆತ್ಯಾ, ಮಾಮಿ, ಸಾಸು ಎಂದು ಬೇರೆಬೇರೆ. ಆದರೂ ಸೋದರಮಾವನ ಮಗಳನ್ನು ತರುವ ಪದ್ಧತಿ ಅವರ ಅನೇಕ ಸಮುದಾಯಗಳಲ್ಲೂ ಇದೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟವಾದ ತಮ್ಮ ನೆಂಟಸ್ತಿಕೆಯ ಅಧ್ಯಯನದಲ್ಲಿ ಮಹಾರಾಷ್ಟ್ರವನ್ನು ಉತ್ತರ, ದಕ್ಷಿಣದ ಪದ್ಧತಿಗಳು ಕೂಡುವ ನಡುವಣ ಪ್ರದೇಶದಲ್ಲಿ ಇಟ್ಟರು. ನಮ್ಮ ಪುಟ್ಟಿ ನಿಂತಿರುವುದು ಆ ಕೂಡುದಾರಿಯ ಮೇಲೇ!

ಎರಡು ಭಾಷೆ ಕೇಳಿದರೆ ಮಗುವಿನ ತಲೆ ಕೆಡುತ್ತದೆ ಎಂದು ಹೆದರಬೇಡಿ. ಯಾರ ಜೊತೆ ಯಾವ ಭಾಷೆ ಎಂದು ಚಿಕ್ಕ ಮಕ್ಕಳೂ ಬಹಳ ಬೇಗ ವಿಂಗಡಿಸಿಕೊಳ್ಳುತ್ತಾರೆ. ನಡುನಡುವೆ ಬೆರೆಸುವುದು ಸಹಜ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಭಾನುವಾರದ ವಿಡಿಯೋ ಕಾಲ್ ನೆನಪಿಸಿಕೊಳ್ಳಿ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಮಗು ಮರಾಠಿಯಲ್ಲಿ ಉತ್ತರಿಸುತ್ತದೆ. ಸ್ವಲ್ಪ ದಿನ ಹೀಗೇ ನಡೆಯುತ್ತದೆ. ಆಮೇಲೆ ಒಂದು ದಿನ ಮಗು ಫೋನನ್ನು ನಿಮ್ಮ ಕೈಗೆ ಕೊಟ್ಟು, "ನೀನೇ ಮಾತಾಡು" ಎಂದು ಆಟಕ್ಕೆ ಓಡುತ್ತದೆ. ಆ ಕಡೆ ಅಜ್ಜಿ, "ಇರಲಿ ಬಿಡವ್ವಾ, ಆಡ್ಲಿ" ಅನ್ನುತ್ತಾರೆ. ಆ "ಇರಲಿ ಬಿಡವ್ವಾ" ನನ್ನ ತಾಯಿಯ ಬಾಯಲ್ಲಿ ಕೇಳಿದ ಮೇಲೇ ಈ ಲೇಖನ ಬರೆಯಲು ಕೂತದ್ದು.

ಹಾಗಾದರೆ ಏನು ಮಾಡೋಣ? ಕನ್ನಡ ಪುಸ್ತಕ ಸಿಗುವುದಿಲ್ಲ ಎಂದು ಅಕ್ಕ ಗೊಣಗುತ್ತಿದ್ದಳು. ನಮ್ಮ ತಂದೆ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದರು. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದಲ್ಲ, ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು. ನಾಸಿಕ್ ರೋಡಿನಲ್ಲಿ 1928ರಿಂದ ಇರುವ ಕರೆನ್ಸಿ ನೋಟ್ ಪ್ರೆಸ್ ಕೂಡ ದಿನವೂ ಆ ಕನ್ನಡವನ್ನು ಅಚ್ಚು ಹಾಕುತ್ತಿದೆ! ಪುಟ್ಟಿ ಮೊದಲು ಗುರುತಿಸಿದ ಅಕ್ಷರ 'ಹ'. ನಂತರ ಇಪ್ಪತ್ತರ ನೋಟು, ಐವತ್ತರ ನೋಟು... ಐನೂರರದ್ದು ಅಜ್ಜ ತೋರಿಸಲಿಲ್ಲ, ಅದು ಬೇರೆ ಮಾತು.

ಆ ದೀಪಾವಳಿಗೆ ಅಜ್ಜ ಅಜ್ಜಿಯನ್ನು ಕರೆದುಕೊಂಡು ಎಲ್ಲರೂ ಛತ್ರಪತಿ ಸಂಭಾಜಿನಗರಕ್ಕೆ ಹೋದೆವು (2023ರವರೆಗೆ ಔರಂಗಾಬಾದ್ ಎನ್ನುತ್ತಿದ್ದೆವಲ್ಲ, ಅದೇ). ಅಲ್ಲಿನ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ನೆಂಟರಿದ್ದಾರೆ. ಮರುದಿನ ವೇರೂಳ, ಅಂದರೆ ಎಲ್ಲೋರಾ. ದಾರಿಯ ಫಲಕ ನೋಡಿ ತಾಯಿ ಕೂಗಿದರು, "ನೋಡ್ರಿ, ಇಲ್ಲಿ ಕನ್ನಡಕ್ಕ ಎಷ್ಟ್ ಕಿಲೋಮೀಟರ್ ಅಂತ ಬರದಾರ!" ನಿಜವೇ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕನ್ನಡ ಎಂಬ ತಾಲ್ಲೂಕು ಊರು ಬರುತ್ತದೆ. ಕೈಲಾಸ ದೇವಾಲಯದ ಎದುರು ನಿಂತು ಅಜ್ಜ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಥೆ ಹೇಳಿದರು. ಎಂಟನೆಯ ಶತಮಾನದಲ್ಲಿ ಇಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದದ್ದನ್ನು ವಿವರಿಸಿದರು. ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆ, "ಕಡಿದ ಕಲ್ಲೆಲ್ಲ ಯಾರು ಎತ್ತಿದ್ರು?" ಅಂದಳು, ಅದೂ ಕನ್ನಡದಲ್ಲಿ! ಅಜ್ಜನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ವೃತ್ತಿಯ ಮಾತು. ಸ್ಟುಡಿಯೋದಲ್ಲಿ ನೂರಾರು ಜನರ ದನಿ ಮುದ್ರಿಸಿದ್ದೇನೆ. ಎಂಟು ವರ್ಷದ ಹಿಂದೆ ತೀರಿಕೊಂಡ ನನ್ನ ಸ್ವಂತ ಆಯಿಯ ದನಿ ಒಂದು ನಿಮಿಷವೂ ನನ್ನಲ್ಲಿಲ್ಲ. ಆಕೆ ಬೀಸುಕಲ್ಲಿನ ಹಾಡು ಹೇಳುತ್ತಿದ್ದಳು, ನಾನು ತೊಡೆಯ ಮೇಲೆ ಮಲಗಿರುತ್ತಿದ್ದೆ. ಕಲ್ಲಿನ ಗರಗರ ಕಿವಿಯಲ್ಲಿದೆ, ಹಾಡು ಇಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್‌ಕರ್, ಗೀ ಪ್ವಾತ್‌ವೆನ್ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರಿಂದ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಓವಿಗಳನ್ನು ಸಂಗ್ರಹಿಸಿದರು. ನಮಗೆ ಬೇಕಾದದ್ದು ಒಬ್ಬ ಅಜ್ಜಿ, ಒಂದು ಮೊಬೈಲ್ ಅಷ್ಟೇ.

ಫ್ಯಾನು ಆರಿಸಿ. ಮಡಿಸಿದ ಟವೆಲ್ಲಿನ ಮೇಲೆ ಮೊಬೈಲನ್ನು ಅಜ್ಜಿಯಿಂದ ಒಂದು ಮೊಳ ದೂರದಲ್ಲಿ ಇಡಿ. "ಏನಾದ್ರೂ ಹೇಳಮ್ಮಾ" ಅನ್ನಬೇಡಿ, ಯಾರಿಗೂ ಏನೂ ಹೊಳೆಯುವುದಿಲ್ಲ. ನಿಮ್ಮ ಅಡುಗೆಮನೆ ಎಷ್ಟಿತ್ತು, ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿ. ಮುಖ್ಯವಾಗಿ, ನೀವು ಕೇಳಬೇಡಿ, ಮಗುವಿನಿಂದ ಕೇಳಿಸಿ. ನಾನು ಕೇಳಿದಾಗ ನಮ್ಮ ತಾಯಿ ನೆಟ್ಟಗೆ ಕೂತು, ವಾರ್ತೆ ಓದುವವರಂತೆ, "ನಾವು ಬಾಲ್ಯದಲ್ಲಿ ಬಹಳ ಕಷ್ಟಪಟ್ಟೆವು" ಎಂದು ಶುರುಮಾಡಿದರು! ಪುಟ್ಟಿ ಮಡಿಲೇರಿ, "ಆಯೀ, ನೀ ಸಣ್ಣಾಕಿ ಇದ್ದಾಗ ನಿಮ್ಮವ್ವ ಬಡೀತಿದ್ಲೇನು?" ಎಂದು ಕೇಳಿದ ಮೇಲೆ ಧಾರವಾಡದ ಕನ್ನಡ ತಾನಾಗಿ ಹರಿಯಿತು. ಮಗು ಮರಾಠಿ ಬೆರೆಸಿದರೆ ತಿದ್ದಬೇಡಿ, ಅಜ್ಜಿ ಹೇಳಿದ್ದನ್ನೇ ಮತ್ತೆ ಹೇಳಿದರೆ ತಡೆಯಬೇಡಿ.

ಫೈಲಿಗೆ ತಾರೀಖು, ಊರು ಸೇರಿಸಿ ಹೆಸರಿಡಿ, ಎರಡು ಕಡೆ ಪ್ರತಿ ಮಾಡಿಡಿ. ನಮ್ಮದು ಹನ್ನೊಂದು ನಿಮಿಷ ಬಂದಿದೆ. ಏಳನೆಯ ನಿಮಿಷದಲ್ಲಿ ಕುಕ್ಕರ್ ಕೂಗುತ್ತದೆ, ಅದನ್ನು ನಾನು ಕತ್ತರಿಸಿಲ್ಲ.