ನಿವೃತ್ತ ಯೋಧರ ಸೇವಾ ದಾಖಲೆ: ಉದ್ಯೋಗದಾತರು ತಿಳಿಯಬೇಕಾದ ವಿಷಯಗಳು

ರಾಮಕುಂಜ, ಆಲಂಕಾರು, ಕಡಬ, ಸುಳ್ಯ ಮೊದಲಾದ ನಮ್ಮ ಗ್ರಾಮೀಣ ಪ್ರದೇಶಗಳಿಂದ ಸೇನೆಗೆ ಸೇರಿ, ಅವಧಿ ಮುಗಿಸಿ ಊರಿಗೆ ಮರಳುವವರಲ್ಲಿ ಬಹಳ ಮಂದಿ ನಲವತ್ತರ ಆಸುಪಾಸಿನವರು. ಸಿಪಾಯಿ ದರ್ಜೆಯವರಿಗೆ 15 ವರ್ಷಗಳ ಅರ್ಹ ಸೇವೆಗೆ ಪಿಂಚಣಿ ದೊರೆಯುವುದೇ ಇದಕ್ಕೆ ಕಾರಣ. ಇನ್ನೂ ಎರಡು ದಶಕ ದುಡಿಯಬಲ್ಲ ಇಂತಹವರು ಕೆಲಸ ಕೇಳಿ ಬಂದಾಗ ನಮ್ಮ ವರ್ತಕರು ಸಾಮಾನ್ಯವಾಗಿ ಕೊಡುವುದು ಗೇಟಿನ ಕಾವಲು ಕೆಲಸ. ಅವರ ಕೈಯಲ್ಲಿರುವ ದಾಖಲೆಯನ್ನು ತೆರೆದು ಓದಿದರೆ ಅಡಿಕೆ ಗೋದಾಮಿಗೆ ಬೇಕಾದ ಉಗ್ರಾಣಪಾಲಕನೋ, ಲಾರಿಗಳನ್ನು ನೋಡಿಕೊಳ್ಳಬಲ್ಲ ಮೆಕ್ಯಾನಿಕ್ಕೋ ಎದುರಿಗೇ ಕುಳಿತಿರುವುದು ತಿಳಿದೀತು.

ಡಿಸ್ಚಾರ್ಜ್ ಪುಸ್ತಕ

ಭೂಸೇನೆಯಿಂದ ಬಿಡುಗಡೆಯಾಗುವ ಪ್ರತಿ ಸೈನಿಕನಿಗೂ ಡಿಸ್ಚಾರ್ಜ್ ಪುಸ್ತಕ ನೀಡಲಾಗುತ್ತದೆ. ಸೈನಿಕ ಸಂಖ್ಯೆ, ದರ್ಜೆ, ರೆಜಿಮೆಂಟ್ ಅಥವಾ ಕೋರ್, ಸೇರಿದ ಹಾಗೂ ಬಿಡುಗಡೆಯಾದ ದಿನಾಂಕ, ಬಿಡುಗಡೆಯ ಕಾರಣ, ವಿದ್ಯಾರ್ಹತೆ, ಟ್ರೇಡ್, ಪೂರೈಸಿದ ತರಬೇತಿಗಳು, ಪದಕಗಳು ಮತ್ತು ನಡತೆಯ ಮೌಲ್ಯಮಾಪನ ಇವೆಲ್ಲ ಅದರಲ್ಲಿರುತ್ತವೆ.

ಇವುಗಳಲ್ಲಿ ಉದ್ಯೋಗದಾತರು ಮೊದಲು ನೋಡಬೇಕಾದುದು ಟ್ರೇಡ್. ಸ್ಟೋರ್ ಕೀಪರ್ ಟೆಕ್ನಿಕಲ್ ಎಂದಿದ್ದರೆ ದಾಸ್ತಾನು ಲೆಕ್ಕ, ಬಿಡಿಭಾಗಗಳ ವಿತರಣೆ ಮತ್ತು ಲೆಡ್ಜರ್ ನಿರ್ವಹಣೆಯಲ್ಲಿ ವರ್ಷಗಟ್ಟಲೆ ಅನುಭವವಿದೆ ಎಂದು ಅರ್ಥ. ಇ.ಎಂ.ಇ. ಕೋರಿನ ವೆಹಿಕಲ್ ಮೆಕ್ಯಾನಿಕ್, ಆರ್ಮಿ ಮೆಡಿಕಲ್ ಕೋರಿನ ನರ್ಸಿಂಗ್ ಅಸಿಸ್ಟೆಂಟ್, ಗುಮಾಸ್ತ, ಚಾಲಕ ಇವರೆಲ್ಲರಿಗೂ ನಾಗರಿಕ ಜೀವನದಲ್ಲಿ ಹೋಲುವ ಕೆಲಸಗಳಿವೆ. ನಿವೃತ್ತಿಗೆ ಮುನ್ನ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಡೆಸುವ ತರಬೇತಿ ಪಡೆದಿದ್ದರೆ ಅದರ ಪ್ರಮಾಣಪತ್ರವನ್ನೂ ಕೇಳಿ ನೋಡಬಹುದು.

ನಡತೆಯನ್ನು 'ಆದರ್ಶಪ್ರಾಯ', 'ಅತ್ಯುತ್ತಮ', 'ಉತ್ತಮ' ಎಂಬಂತಹ ಶ್ರೇಣಿಗಳಲ್ಲಿ ದಾಖಲಿಸುವುದು ರೂಢಿ. 'ಉತ್ತಮ' ಎಂದಿರುವುದನ್ನು ಕಂಡು ಹಿಂಜರಿಯಬೇಕಾಗಿಲ್ಲ. ಅಭ್ಯರ್ಥಿಯನ್ನೇ ಕೇಳಿ ವಿವರ ತಿಳಿಯುವುದು ಸೂಕ್ತ.

ಬಿಡುಗಡೆಯ ಕಾರಣವನ್ನು ಓದುವಾಗ

'ಸೇರ್ಪಡೆಯ ಷರತ್ತುಗಳನ್ನು ಪೂರೈಸಿ ಬಿಡುಗಡೆ' ಎಂಬುದು ಸಹಜ ನಿವೃತ್ತಿ. 'ಸ್ವಂತ ಕೋರಿಕೆಯ ಮೇರೆಗೆ' ಎಂದಿದ್ದರೆ ಅದರ ಹಿಂದೆ ಹೆಚ್ಚಾಗಿ ಮನೆಯ ಅನಿವಾರ್ಯತೆ ಇರುತ್ತದೆ, ಅದು ಕಳಂಕವಲ್ಲ. ವಜಾ ಎಂಬುದು ಮಾತ್ರ ಬೇರೆಯೇ ವಿಷಯ.

ಇವೆರಡರ ನಡುವಿನ ಪ್ರಕರಣಗಳೂ ಇವೆ. ಶಿಸ್ತುಕ್ರಮದ 'ಕೆಂಪು ಶಾಯಿ' ನಮೂದುಗಳು ನಾಲ್ಕಾದ ಮಾತ್ರಕ್ಕೆ ಸೈನಿಕನನ್ನು ಬಿಡುಗಡೆ ಮಾಡಲೇಬೇಕೆಂದಿಲ್ಲ, ಸೇವೆಯ ಉದ್ದ, ಕಠಿಣ ನೆಲೆಗಳಲ್ಲಿ ದುಡಿದುದು ಮುಂತಾದುವನ್ನೂ ಪರಿಗಣಿಸಬೇಕು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪಿತ್ತಿದೆ. ಸೇನಾಧಿಕಾರಿಗೆ ಅನ್ವಯಿಸುವ ಈ ವಿವೇಕ ಉದ್ಯೋಗದಾತರಿಗೂ ಮಾರ್ಗದರ್ಶಿ. ಒಂದು ಸಾಲನ್ನು ಓದಿ ಇಡೀ ಸೇವೆಯನ್ನು ಅಳೆಯಬಾರದು.

ವೈದ್ಯಕೀಯ ಶ್ರೇಣಿ

ಸೇನೆಯಲ್ಲಿ ಆರೋಗ್ಯವನ್ನು 'ಶೇಪ್' ಎಂಬ ಪದ್ಧತಿಯಲ್ಲಿ ಗುರುತಿಸುತ್ತಾರೆ. ಮನಃಸ್ಥಿತಿ, ಶ್ರವಣ, ಕೈಕಾಲುಗಳು, ದೇಹಾರೋಗ್ಯ, ದೃಷ್ಟಿ ಎಂಬ ಐದು ಅಂಶಗಳಿದ್ದು, 'ಶೇಪ್-1' ಎಂದರೆ ಪೂರ್ಣ ಸಮರ್ಥ. ಕೆಳ ಶ್ರೇಣಿ ಇದ್ದಲ್ಲಿ ಅದು ಯುದ್ಧಭೂಮಿಯ ಅಗತ್ಯವನ್ನು ಲೆಕ್ಕಿಸಿ ಕೊಟ್ಟುದು ಎಂಬುದನ್ನು ಮರೆಯಬಾರದು. ಹಿಮಪ್ರದೇಶದಲ್ಲಿ ಕಾಲಿಗೆ ಪೆಟ್ಟಾದವರು ನಮ್ಮ ಅಂಗಡಿಯ ಲೆಕ್ಕಪತ್ರ ನೋಡಲು ಅಸಮರ್ಥರಾಗುವುದಿಲ್ಲ. ಕೆಲಸಕ್ಕೆ ಸಂಬಂಧಿಸದ ವೈದ್ಯಕೀಯ ವಿವರಗಳನ್ನು ಒತ್ತಾಯಿಸಿ ಕೇಳುವುದೂ ಉಚಿತವಲ್ಲ.

ದಾಖಲೆ ಹೇಳದಿರುವುದು

ಕೆಲವು ಮಿತಿಗಳನ್ನು ಗಮನಿಸಬೇಕು. ಮೆಟ್ರಿಕ್ ತೇರ್ಗಡೆಯಾಗಿ 15 ವರ್ಷ ಸೇವೆ ಸಲ್ಲಿಸಿದವರಿಗೆ ನೀಡುವ ಪದವಿ ಸಮಾನ ಪ್ರಮಾಣಪತ್ರವು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಉದ್ದೇಶಕ್ಕೆ ಮಾನ್ಯವೇ ಹೊರತು ವಿಶ್ವವಿದ್ಯಾನಿಲಯದ ಪದವಿಯಲ್ಲ. ಸೇನೆಯಲ್ಲಿ ಆಯುಧ ತರಬೇತಿ ಪಡೆದವರಿಗೂ ಊರಿನಲ್ಲಿ ಬಂದೂಕು ಹಿಡಿಯಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಚಾಲಕರ ವಿಷಯದಲ್ಲಿ ಸಾರಿಗೆ ಇಲಾಖೆಯ ಪರವಾನಗಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ಸೇರಿದವರ ಸೇವೆ ನಾಲ್ಕು ವರ್ಷ. ಅವರಲ್ಲಿ ಶೇಕಡಾ 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶ. ಹೊರಬರುವವರಿಗೆ ಪಿಂಚಣಿ ಇಲ್ಲ. ಆದ್ದರಿಂದ ಪಿಂಚಣಿ ಪತ್ರ ಇಲ್ಲವೆಂಬ ಕಾರಣಕ್ಕೆ ಇಂತಹ ಯುವಕರ ಸೇವೆಯನ್ನು ಶಂಕಿಸಬಾರದು.

ಪರಿಶೀಲನೆ ಹೇಗೆ?

ಮೂಲ ದಾಖಲೆಗಳು ಆಯಾ ರೆಜಿಮೆಂಟಿನ ರೆಕಾರ್ಡ್ ಕಚೇರಿಯಲ್ಲಿರುತ್ತವೆ. ಉದಾಹರಣೆಗೆ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಕಚೇರಿ ಬೆಂಗಳೂರಿನಲ್ಲಿದ್ದರೆ ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ವೈಯಕ್ತಿಕ ಮಾಹಿತಿಯಾದ ಕಾರಣ ಮಾಹಿತಿ ಹಕ್ಕು ಅರ್ಜಿ ಹಾಕಿ ಅದನ್ನು ಪಡೆಯಹೊರಟರೆ ಫಲವಿಲ್ಲ. ಅಭ್ಯರ್ಥಿಯ ಒಪ್ಪಿಗೆಯಿಂದ, ಅವರ ಮೂಲಕವೇ ವಿಚಾರಿಸುವುದು ಸರಿಯಾದ ದಾರಿ. ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಮಾಜಿ ಸೈನಿಕರ ಗುರುತುಚೀಟಿ ನೀಡುವುದೂ ಉದ್ಯೋಗಕ್ಕಾಗಿ ಅವರ ಹೆಸರು ನೋಂದಾಯಿಸುವುದೂ ಜಿಲ್ಲಾ ಮಟ್ಟದ ಈ ಇಲಾಖೆಯೇ.

ಮೂಲ ಪುಸ್ತಕವನ್ನು ನೋಡಿ ಪ್ರತಿ ಇಟ್ಟುಕೊಳ್ಳಬೇಕೇ ಹೊರತು ಪುಸ್ತಕವನ್ನೇ ಕಚೇರಿಯಲ್ಲಿ ಇರಿಸಿಕೊಳ್ಳಬಾರದು. ಪಿಂಚಣಿಯ ಮೊತ್ತ ಕೇಳಿ ಸಂಬಳ ಇಳಿಸುವ ರೂಢಿಯನ್ನೂ ಕೈಬಿಡಬೇಕು. ಪಿಂಚಣಿ ಹಿಂದಿನ ಸೇವೆಯ ಗಳಿಕೆ. ಕನಿಷ್ಠ ವೇತನದ ನಿಯಮ ಪಿಂಚಣಿದಾರರಿಗೂ ಅನ್ವಯಿಸುತ್ತದೆ.

ನಂಬಿಗಸ್ತ ಕೆಲಸಗಾರರು ಸಿಗುತ್ತಿಲ್ಲವೆಂಬುದು ನಮ್ಮ ಸದಸ್ಯರ ನಿತ್ಯದ ದೂರು. ಮುಂದಿನ ಬಾರಿ ನಿವೃತ್ತ ಯೋಧರೊಬ್ಬರು ಬಂದಾಗ ಸಮವಸ್ತ್ರದ ಅಳತೆ ಕೇಳುವ ಮೊದಲು ಅವರ ಟ್ರೇಡ್ ಯಾವುದೆಂದು ವಿಚಾರಿಸುವುದು ಇಬ್ಬರಿಗೂ ಲಾಭಕರ.