ಹಳೆಯ ಜೀಪುಗಳ ಡಿಫರೆನ್ಶಿಯಲ್ ಎಣ್ಣೆಯ ವಿಚಾರ

ಮಂಗಳೂರು ನಗರದ ಬಿಕರ್ನಕಟ್ಟೆಯಿಂದ ಕುಲಶೇಖರ, ವಾಮಂಜೂರು, ಗುರುಪುರಗಳ ಮಾರ್ಗವಾಗಿ ಮೂಡುಬಿದಿರೆಯ ಕಡೆಗೆ ಸಾಗುವ 169ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಒಳಗ್ರಾಮಗಳಿಗೆ ಇಳಿದೊಡನೆ ದಾರಿಯು ಮುರಕಲ್ಲಿನ ಏರಿಳಿತಗಳದ್ದೂ ತೋಡುಗಳದ್ದೂ ಆಗುವದು. ಇಂತಹ ದಾರಿಗಳಲ್ಲಿ ಗೊಬ್ಬರವನ್ನೂ ಅಡಿಕೆಯನ್ನೂ ಸಾಗಿಸುವದಕ್ಕಾಗಿ, ಹೊಸ ವಾಹನದ ಕ್ರಯಕ್ಕೆ ಅಂಜಿ, ನಾಲ್ಕು ಚಕ್ರಗಳಿಗೂ ಯಂತ್ರಬಲವುಳ್ಳ ಹಳೆಯ ಜೀಪನ್ನು ಕೊಳ್ಳುವ ಭೂಮಾಲಿಕರುಂಟು. ಕೊಳ್ಳುವಾಗ ಇಂಜಿನಿನ ಸದ್ದನ್ನೂ ಟಯರುಗಳನ್ನೂ ಪರೀಕ್ಷಿಸುವರೇ ಹೊರತು, ಗಾಡಿಯ ಕೆಳಗೆ ಕೆಸರು ಮೆತ್ತಿಕೊಂಡಿರುವ ಎರಡು ಉರುಟು ಪೆಟ್ಟಿಗೆಗಳನ್ನು ನೋಡುವವರು ವಿರಳ.

ಆ ಪೆಟ್ಟಿಗೆಗಳೇ ಡಿಫರೆನ್ಶಿಯಲ್‌ಗಳು. ತಿರುವಿನಲ್ಲಿ ಹೊರಗಣ ಚಕ್ರವು ಒಳಗಣ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾದುದರಿಂದ, ಎರಡಕ್ಕೂ ಬಲವನ್ನು ಕೊಟ್ಟೂ ವೇಗದ ವ್ಯತ್ಯಾಸಕ್ಕೆ ಅವಕಾಶವೀಯುವದು ಇವುಗಳ ಕಾರ್ಯ. ಒಳಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದನ್ನೊಂದು ಅತ್ಯಂತ ಒತ್ತಡದಿಂದ ಉಜ್ಜುತ್ತ ತಿರುಗುವವು. ಅವುಗಳ ನಡುವೆ ನಿಲ್ಲತಕ್ಕದ್ದು ಎಣ್ಣೆಯ ತೆಳು ಪದರವೊಂದೇ.

ಈ ಸೀಮೆಯಲ್ಲಿ ಎಣ್ಣೆಗೆ ಮುಖ್ಯ ಶತ್ರು ನೀರು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವಲ್ಲಿ ತುಂಬಿದ ತೋಡನ್ನು ದಾಟದೆ ನಿರ್ವಾಹವಿಲ್ಲ. ಓಡಿ ಬಿಸಿಯಾದ ಪೆಟ್ಟಿಗೆಯು ತಣ್ಣೀರಿನಲ್ಲಿ ಮುಳುಗಿದ ಕ್ಷಣವೇ ಒಳಗಿನ ಗಾಳಿಯು ಕುಗ್ಗುವದು. ಮೇಲ್ಗಡೆಯ ಉಸಿರುರಂಧ್ರವು, ಅಂದರೆ ಬ್ರೀದರು, ಕೆಸರಿನಿಂದ ಮುಚ್ಚಿಹೋಗಿದ್ದರೆ ಸೀಲುಗಳ ಸಂದಿನಿಂದ ನೀರು ಒಳಗೆ ಸೆಳೆಯಲ್ಪಡುವದು. ಅದೇ ಬ್ರೀದರು ಮುಚ್ಚಿರುವಾಗ ಗಾಡಿಯನ್ನು ದೂರ ಓಡಿಸಿದರೆ ಇದಕ್ಕೆ ವಿಪರೀತವಾಗಿ, ಉಬ್ಬಿದ ಗಾಳಿಯು ಎಣ್ಣೆಯನ್ನೇ ಸೀಲಿನಿಂದ ಹೊರದೂಡುವದು. ಆ ಎಣ್ಣೆಯು ಆಕ್ಸಲಿನ ತುದಿಯಿಂದ ಬ್ರೇಕಿನ ಲೈನಿಂಗಿಗೆ ತಗಲಿದಲ್ಲಿ, ಹೊರೆ ಹೊತ್ತು ಇಳಿಜಾರಿನಲ್ಲಿರುವ ಜೀಪು ಸಮಯಕ್ಕೆ ನಿಲ್ಲದು. ಎರಡು ಕಾಸಿನ ಕೆಸರು ಪ್ರಾಣಕ್ಕೆ ಬರುವದು ಹೀಗೆ. ಬ್ರೀದರನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೊಳೆಯತಕ್ಕದ್ದು. ಅದಕ್ಕೆ ರಬ್ಬರು ನಳಿಗೆಯನ್ನು ಜೋಡಿಸಿ ಬಾಯನ್ನು ನೀರಿಗೆ ಎಟಕದಷ್ಟು ಮೇಲಕ್ಕೆ ಒಯ್ದರೆ ಇನ್ನೂ ಉತ್ತಮ.

ಹಳೆಯ ಗಾಡಿಯನ್ನು ಕೊಂಡೊಡನೆ, ಮಾರಿದವನು ಏನೇ ಹೇಳಲಿ, ಎಣ್ಣೆಯನ್ನು ಬದಲಾಯಿಸುವದು ಲೇಸು. ಕೆಲವು ಮೈಲು ಓಡಿಸಿ ಎಣ್ಣೆ ಬಿಸಿಯಾದ ಬಳಿಕ ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮೊದಲು ತುಂಬಿಸುವ ಮುಚ್ಚಳವನ್ನೇ ಬಿಚ್ಚಬೇಕು. ಇದನ್ನು ಮರೆತು ಕೆಳಗಿನದನ್ನು ತೆಗೆದು ಎಣ್ಣೆಯನ್ನು ಹರಿಸಿದ ಮೇಲೆ, ಮೇಲಿನದು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಗಾಡಿಯು ಅಲ್ಲಿಯೇ ಉಳಿಯುವದು. ಹರಿದ ಎಣ್ಣೆಯು ಹಾಲುಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ. ಮುಚ್ಚಳದ ಅಯಸ್ಕಾಂತದಲ್ಲಿ ನುಣ್ಣನೆಯ ಬೂದುಬಣ್ಣದ ಕೆಸರು ಇರುವದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗು ಮುರಿಯುತ್ತಿದೆಯೆಂದು ತಿಳಿದು ಮೆಕ್ಯಾನಿಕನನ್ನು ಕರೆಯತಕ್ಕದ್ದು. ತರುವಾಯ ಹೊಸ ಎಣ್ಣೆಯನ್ನು ಮೇಲಿನ ರಂಧ್ರದ ಅಂಚಿನಿಂದ ತುಳುಕುವವರೆಗೆ ತುಂಬಬೇಕು.

ಎಣ್ಣೆಯ ಜಾತಿಯನ್ನು ಅಂಗಡಿಯವನ ಮಾತಿನಿಂದಲ್ಲ, ತಯಾರಕರ ಕೈಪಿಡಿಯಿಂದ ನಿಶ್ಚಯಿಸಬೇಕು. ಸಾಮಾನ್ಯವಾಗಿ ಡಿಫರೆನ್ಶಿಯಲ್ಲಿಗೆ ಜಿ.ಎಲ್.-5 ವರ್ಗದ 90ನೆಯ ನಂಬರಿನ ಅಥವಾ 80ಡಬ್ಲ್ಯು-90ರ ಗೇರ್ ಆಯಿಲ್ ವಿಹಿತ. ಅದನ್ನೇ ಮಿಗಿಸಿ ಗೇರುಪೆಟ್ಟಿಗೆಗೂ ಸುರಿಯುವ ಉಳಿತಾಯಬುದ್ಧಿ ಅಪಾಯಕರ, ಏಕೆಂದರೆ ಅದರಲ್ಲಿನ ಗಂಧಕದ ಬೆರಕೆಯು ಕೆಲವು ಗೇರುಪೆಟ್ಟಿಗೆಗಳ ಹಿತ್ತಾಳೆಯ ಉಂಗುರಗಳನ್ನು ತಿನ್ನುವದು.

ಮುಂಭಾಗದ ಡಿಫರೆನ್ಶಿಯಲ್ ವರ್ಷದ ಬಹುಕಾಲ ಕೆಲಸವಿಲ್ಲದೆ ಇರುವದರಿಂದ ಅದನ್ನು ಮರೆಯುವವರೇ ಹೆಚ್ಚು. ತಳದಲ್ಲಿ ನಿಂತ ನೀರು ಹಲ್ಲುಗಳಿಗೆ ತುಕ್ಕು ಹಿಡಿಸುವದು ಅಂತಹ ವಿರಾಮದಲ್ಲಿಯೇ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ, ಡಾಂಬರಿನ ಮೇಲಲ್ಲ, ನಾಲ್ಕು ಚಕ್ರಗಳ ಚಾಲನೆಯನ್ನು ಜೋಡಿಸಿ ಸ್ವಲ್ಪ ದೂರ ಓಡಿಸಬೇಕು. ಆಳವಾದ ನೀರನ್ನು ದಾಟಿದ ಬಳಿಕವಂತೂ ಕೈಪಿಡಿಯ ಅವಧಿಯನ್ನು ಕಾಯದೆ ಎರಡನ್ನೂ ಬಿಚ್ಚಿ ನೋಡತಕ್ಕದ್ದು. ತೆಗೆದ ಎಣ್ಣೆಯನ್ನು ತೋಡಿಗೆ ಚೆಲ್ಲಿದರೆ ಮುರಕಲ್ಲಿನ ಸಂದುಗಳಿಂದ ಬಾವಿಗೆ ಇಳಿಯುವದಾದ ಕಾರಣ, ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ವರ್ಕ್‌ಶಾಪಿಗೆ ಒಪ್ಪಿಸಬೇಕು.